ಫಲಾನುಭವಿಗಳ ಸಂಖ್ಯೆ

ನಮೂನೆಯ ಮೂರನೆಯ ಕಲಂ ಕೇಳುತ್ತದೆ:
ಫಲಾನುಭವಿಗಳು ಎಷ್ಟು?
ನಲವತ್ತೊಂದು, ಎಂದು ಬರೆದೆ.
ಹೊಡೆದು ಹಾಕಿ ನಲವತ್ತು ಮಾಡಿದೆ.
ಮತ್ತೆ ಪೆನ್ನು ಹಿಡಿದು ಕೂತಿದ್ದೇನೆ.

ಮಿಲ್ವಾಕೀ. ಮಂಗಳವಾರ. ಮೇ ತಿಂಗಳಾದರೂ
ಕಡಲಿನಷ್ಟು ದೊಡ್ಡ ಕೆರೆಯ ಮೇಲಿಂದ
ಬ್ಲೇಡು ಹಿಡಿದು ಬರುವ ಗಾಳಿ.
ನಮ್ಮ ಆಹಾರ ಭಂಡಾರದ ಎದುರು ಹಳದಿ ಬಸ್ಸು:
ಬಸ್ಸು ಚರ್ಚಿನದು, ಡೀಸೆಲ್ಲು ಟೈರಿನಂಗಡಿಯದು,
ಟಿಕೇಟು ಮೃಗಾಲಯದ್ದು, ಬ್ರೆಡ್ಡು ನಿನ್ನೆಯದು.
ಇಷ್ಟು ಕೈ ಸೇರಿ ದಾಟಿಸಬೇಕಾದ ದೂರ
ಬರೀ ಆರು ಮೈಲಿ.

ಆರು ಮೈಲಿ ಅಂದರೆ ಎರಡು ಬಸ್ಸು ಬದಲಿಸಬೇಕು,
ಒಂದು ದಿನದ ಕೂಲಿ ಬಿಡಬೇಕು,
ಗೇಟು ದಾಟಿದ ಮೇಲೆ ಒಂಬತ್ತು ಡಾಲರಿನ ಹಾಟ್‌ಡಾಗಿನ ಮುಂದೆ
ಮಗುವಿನ ಮುಖ ನೋಡಿ ಬೇಡ ಎನ್ನಬೇಕು.
ಅದಕ್ಕೇ ಈ ಬೀದಿಯ ತಾಯಂದಿರು
ಮೊದಲೇ ಹೇಳಿಬಿಡುತ್ತಿದ್ದರು,
ಅಲ್ಲೇನಿದೆ ಮಣ್ಣು, ಬರೀ ನಾತ.

ಷೌಫಿಕಾಗೆ ಏಳು ವರ್ಷ. ರೋಹಿಂಗ್ಯಾ ಹುಡುಗಿ.
ಜಿರಾಫೆಯನ್ನು ಬುಡದಿಂದ ತುದಿಯವರೆಗೆ ನೋಡಿ ಕೇಳಿದಳು:
ಇದರ ಕಾಗದ ಯಾರ ಹತ್ತಿರ ಇದೆ?
ಆಫೀಸಿನಲ್ಲಿದೆ, ಅಂದೆ. ಸಮಾಧಾನವಾಯಿತು ಅವಳಿಗೆ.
ಕರಡಿಗೆ ಎಷ್ಟು ಕೋಣೆ?
ಒಳಗೆ ಎರಡು, ಹೊರಗೊಂದು ಅಂಗಳ.
ಬೆರಳು ಮಡಚಿ ಎಣಿಸಿದಳು,
ಏನೂ ಹೇಳಲಿಲ್ಲ.

ದಾನಿಗಳಿಗೆ ನಗುವ ಒಂದು ಫೋಟೋ ಬೇಕು.
ನಗು, ಅಂದೆ ಜವಾರಿಯಸ್‌ಗೆ.
ಯಾವುದಕ್ಕೆ? ಅಂದ.
ಕ್ಯಾಮೆರಾ ಇಳಿಸಿದೆ. ಆಗ ನಕ್ಕ,
ಆಗ ನನ್ನ ಕೈ ಖಾಲಿ.
ಎದುರಿಗೆ ಗಿಬ್ಬನ್ನು ಅರ್ಧ ಪಪ್ಪಾಯಿ ಹಿಡಿದು
ನಿಧಾನವಾಗಿ ತಿನ್ನುತ್ತಿತ್ತು.
ನಮ್ಮ ಪೈಕಿ
ಫಲವನ್ನು ಅನುಭವಿಸಿದ್ದು ಅದೊಂದೇ.

ಜವಾರಿಯಸ್‌ನ ಅಜ್ಜಿ ಅರ್ನೆಸ್ಟೀನ್, ಎಪ್ಪತ್ತೊಂದು,
ನಕಾಶೆ ಕೊಟ್ಟರೆ ಬೇಡವೆಂದಳು.
ಮುಂದೆ ಮುಂದೆ ನಡೆದಳು, ತವರಿನ ಹಾದಿ ಹಿಡಿದವಳ ಹಾಗೆ.
ಎಡಕ್ಕೆ ತಿರುಗಿದರೆ ನಲ್ಲಿ, ಅಂದಳು. ನಲ್ಲಿ ಇತ್ತು.
ಇಲ್ಲೊಂದು ಮೆಟ್ಟಿಲು ಎಡವುತ್ತದೆ, ನೋಡು. ಎಡವಿದೆ.
ಆಮೇಲೆ ಹೇಳಿದಳು:
ಹನ್ನೊಂದು ವರ್ಷ, ರಾತ್ರಿ ಪಾಳಿ,
ಇಲ್ಲಿನ ಕ್ಯಾಂಟೀನಿನ ನೆಲ ನನ್ನದು.
ಬೆಳಕಿನಲ್ಲಿ ಬಂದಿಲ್ಲ, ಇದೇ ಮೊದಲು.
ತೋಳ ಯಾವ ಮೂಲೆಯದೆಂದು ಕಿವಿಗೆ ಗೊತ್ತು,
ಆನೆ ಎದ್ದಿದೆಯೆಂದು ಮೂಗಿಗೆ ಗೊತ್ತು.
ಎರಡು ಗಂಟೆಗೆ ಒಬ್ಬ ಕೆಮ್ಮುತ್ತಿದ್ದ,
ಬಕೆಟ್ಟಿನ ನೀರು ನಡುಗುತ್ತಿತ್ತು.

ಗಾಜಿನಾಚೆ ಸಿಂಹ ಮಲಗಿತ್ತು,
ಒಂದು ಕಾಲು ಸೊಕ್ಕಿನಿಂದ ಹೊರಚಾಚಿ.
ಇವನಲ್ಲ, ಅಂದಳು. ಇವನು ಅವನ ಮೊಮ್ಮಗನಿರಬೇಕು.
ತನ್ನವನನ್ನು ಮುಂದಕ್ಕೆ ತಳ್ಳಿದಳು. ಮೊಮ್ಮಕ್ಕಳಿಬ್ಬರೂ
ಒಬ್ಬರನ್ನೊಬ್ಬರು ನೋಡಲಿಲ್ಲ.
ಗಾಜಿನ ತುಂಬ ಮಕ್ಕಳ ಅಂಗೈ ಗುರುತು,
ಎಣ್ಣೆ, ಜೊಲ್ಲು, ಕಡಲೆಬೀಜದ ಬೆಣ್ಣೆ.
ಅವಳ ಕೈ ತಂತಾನೇ ಚೀಲಕ್ಕಿಳಿದು
ಕರವಸ್ತ್ರ ತೆಗೆಯಿತು,
ಗಾಜಿನವರೆಗೂ ಹೋಯಿತು.
ನಿಂತಿತು.
ಮಡಚಿ ಒಳಗಿಟ್ಟಳು.
ಇವತ್ತು ನನ್ನ ಪಾಳಿಯಲ್ಲ.

ಬಸ್ಸು ಹತ್ತುವಾಗ ಪಟ್ಟಿಗೆ ಸಹಿ ಹಾಕಲಿಲ್ಲ.
ನನ್ನನ್ನು ನಿನ್ನ ಲೆಕ್ಕದಲ್ಲಿ ಹಿಡಿಯಬೇಡ,
ನಾನು ಹಳೇ ಗುರುತಿನವಳು, ಅಂದಳು.

ನಾಲ್ಕನೆಯ ಕಲಂ: ಮಕ್ಕಳು ಕಲಿತದ್ದೇನು?
ಐವತ್ತು ಪದ ಮೀರದಂತೆ.

ವಾಪಸು ಬರುವಾಗ ಜವಾರಿಯಸ್ ಸಿಂಹದಂತೆ ಕೆಮ್ಮಿದ.
ಅಲ್ಲ, ಅಂದಳು ಅಜ್ಜಿ, ಇನ್ನೂ ಕೆಳಗಿನಿಂದ, ಹೊಟ್ಟೆಯಿಂದ.
ಷೌಫಿಕಾ ಕೆಮ್ಮಿದಳು. ಹಿಂದಿನ ಸೀಟು ಕೆಮ್ಮಿತು.
ಡ್ರೈವರು ಕನ್ನಡಿಯಲ್ಲಿ ನೋಡಿ ಗಂಟಲು ಸರಿಮಾಡಿಕೊಂಡ.
ಕೆಂಪು ದೀಪದಲ್ಲಿ ನಿಂತಾಗ
ಪಕ್ಕದ ಕಾರಿನವಳು ಅವಸರವಾಗಿ
ಕಿಟಕಿ ಏರಿಸಿದಳು.