ಹೊಲಿಗೆ ಕಾಣಬಾರದು

ಪೊಸಡಿಗುಂಪೆಯ ನೆತ್ತಿಯಲ್ಲಿ ಟ್ರೈಪಾಡ್ ಊರಿ
ಮಟ್ಟದ ಗುಳ್ಳೆ ನಡುವಿಗೆ ಬರುವತನಕ ತಿರುಪು ತಿರುಗಿಸಿದೆ.
ಪಂಚಾಯತು ಕಚೇರಿಯ ಗೋಡೆಗೆ
ಏಳಡಿ ಉದ್ದದ ಚಿತ್ರ ಬೇಕಂತೆ:
ಎಡತುದಿಗೆ ಕಡಲು, ಬಲತುದಿಗೆ ಘಟ್ಟ,
ನಡುವೆ ನಮ್ಮದೆಂಬುದೆಲ್ಲ.

ಹನ್ನೊಂದು ಚೌಕಟ್ಟು. ಕ್ಯಾಮೆರಾ ನೆಟ್ಟಗೆ ನಿಲ್ಲಿಸಿ
ಬೆಳಕಿಗೆ ಒಂದೇ ಅಳತೆಯ ಬೀಗ ಹಾಕಬೇಕು,
ಇಲ್ಲವಾದರೆ ಆಕಾಶ ತೇಪೆ ಹಚ್ಚಿದ ಹಾಗೆ.
ಒಂದರ ಮೂರನೆಯೊಂದು ಪಾಲು
ಮುಂದಿನದರ ಒಳಗೆ ನುಗ್ಗಿರಬೇಕು.

ಅಪ್ಪ ಪೆರ್ಲದ ಬಸ್‌ಸ್ಟ್ಯಾಂಡಿನೆದುರು ದರ್ಜಿ.
ಚೌಕುಳಿ ಅಂಗಿಗೆ ಕಿಸೆ ಹಚ್ಚುವಾಗ
ಗೆರೆಗೆ ಗೆರೆ ಕೂಡುವತನಕ ಉಸಿರು ಬಿಡುತ್ತಿರಲಿಲ್ಲ.
"ಹೊಲಿಗೆ ಕಾಣಬಾರದು.
ಒಳಗೆ ಮಾತ್ರ ಒಂದಿಂಚು ಬಿಡು ಮಗಾ,
ಮೈ ಬೆಳೆದರೆ ಬೇಕಾದೀತು."
ಮೂರನೆಯೊಂದು ಪಾಲು ಅಂದರೆ ಅದೇ,
ಯಾರೂ ನೋಡದ ಒಳಮಡಿಕೆ.

ಮೂರೂವರೆಯ ಬಿಸಿಲು. ಮುಳಿಹುಲ್ಲು ಒಣಗಿ ಜಿಂಕೆಬಣ್ಣ.
ಮುರಕಲ್ಲಿನ ಕಾವು ಚಪ್ಪಲಿಯ ತಳ ದಾಟಿ ಬರುತ್ತಿತ್ತು.
ನಾಲ್ಕನೆಯದನ್ನು ಹೊಡೆವಾಗ
ಹುಲ್ಲು ಕೊಯ್ಯುವವಳು ಬಗ್ಗಿದ್ದಳು.
ಐದನೆಯದಕ್ಕೆ ನಾಲ್ಕು ಹೆಜ್ಜೆ ಎಡಕ್ಕೆ ಸರಿದು
ತಲೆಯ ಬೈರಾಸು ಸರಿಮಾಡಿಕೊಂಡು
ನನ್ನ ಕಡೆಗೇ ನೋಡಿದಳು.
"ಎನ್ನ ಪೋಟೊ ಬರ್ಪುಂಡಾ?"
ಬರುತ್ತದೆ ಅಂದೆ.
ಹೆಸರು ಐತೆ, ಮನೆ ಬಾಯಾರಿನ ಕಡೆ.

ರಾತ್ರಿ ಬದಿಯಡ್ಕದ ಅಂಗಡಿಯಲ್ಲಿ
ಮದುವೆ ಆಲ್ಬಮ್ಮುಗಳನ್ನು ಬದಿಗೆ ಸರಿಸಿ ಕೂತೆ.
ಯಂತ್ರ ತನ್ನಷ್ಟಕ್ಕೆ ಗುರುತು ಹುಡುಕಿತು:
ಇದರಲ್ಲಿರುವ ಒಂಟಿ ತಾಳೆಮರ ಅದರಲ್ಲೂ ಇದೆಯೇ,
ಈ ಮಿನಾರು, ಆ ಟವರು, ಕಲ್ಲುಪಣೆಯ ಕೆಂಪು ಮೂಲೆ?
ಮೊದಲ ಸಲ ಕಡಲಗೆರೆ ನೇಂದ್ರಬಾಳೆಯಂತೆ ಬಗ್ಗಿ ಬಂತು.
ನೆಟ್ಟಗೆ ಮಾಡಿದೆ.
ರಾಜ್ಯದ ಗಡಿ ಎಲ್ಲಿ ಹಾದುಹೋಗುತ್ತದೆಂದು ಸುಮ್ಮನೆ ಹುಡುಕಿದೆ,
ಆರರಲ್ಲೋ ಏಳರಲ್ಲೋ.
ಗೇರುಗುಡ್ಡಕ್ಕೆ ಗೇರುಗುಡ್ಡ ಕೂಡಿತ್ತು.
ಅಲ್ಲಿ ಯಂತ್ರಕ್ಕೆ ಏನೂ ಕಷ್ಟವಾಗಿರಲಿಲ್ಲ.

ಕಷ್ಟವಾದದ್ದು ನಾಲ್ಕು ಐದರ ನಡುವೆ.
ಗುಡ್ಡ ಇದೆ, ಹುಲ್ಲು ಇದೆ, ಕಟ್ಟಿಟ್ಟ ಸೂಡಿ ಇದೆ,
ಐತೆ ಇಲ್ಲ.
ಕದಲಿದ್ದನ್ನು ಯಂತ್ರ ನಂಬುವುದಿಲ್ಲ:
ನಾಲ್ಕರಲ್ಲಿ ಅವಳಿದ್ದ ಜಾಗಕ್ಕೆ ಐದರ ಹುಲ್ಲು,
ಐದರಲ್ಲಿ ಅವಳಿದ್ದ ಜಾಗಕ್ಕೆ ನಾಲ್ಕರ ಹುಲ್ಲು,
ಎಷ್ಟು ನಯ ಅಂದರೆ
ಅಪ್ಪನೂ ಬೆರಳಾಡಿಸಿ ಮೆಚ್ಚಬೇಕು.

ಒಳಮಡಿಕೆ ಬಿಚ್ಚಿದೆ. ಇದ್ದಳು.
ಇಬ್ಬರೂ ಇದ್ದರು.
ಬಗ್ಗಿದವಳನ್ನು ಉಳಿಸಿದರೆ ನೋಡಿದವಳು ಹೋಗುತ್ತಾಳೆ,
ನೋಡಿದವಳನ್ನೇ ಇಟ್ಟರೆ ಹುಲ್ಲು ಕೊಯ್ದವರಾರು?
ಎರಡೂವರೆಯ ತನಕ ಕೂತು
ಅತಿ ಸಣ್ಣ ಕುಂಚದಲ್ಲಿ ಒರೆಸಿ ಒರೆಸಿ
ಇಬ್ಬರನ್ನೂ ಹೊರಗೆ ತಂದೆ.

ಶುಕ್ರವಾರ ಅವಳ ಜಗಲಿಯಲ್ಲಿ
ಮೊಳದುದ್ದದ ಪ್ರತಿಯೊಂದನ್ನು ಬಿಚ್ಚಿ ಹಿಡಿದೆ.
"ಉಂದುಲಾ ಯಾನೇ, ಅವುಲಾ ಯಾನೇ!"
ನಕ್ಕಳು. ಆಮೇಲೆ ಲೆಕ್ಕ ಹಾಕಿದಳು:
ಹಾಗಾದರೆ ಆ ದಿನಕ್ಕೆ ಎರಡಾಳಿನ ಕೂಲಿ
ಯಾರು ಕೊಡುತ್ತಾರೆ, ಪಂಚಾಯತಾ?

ಚಿತ್ರ ಈಗ ಗೋಡೆಯಲ್ಲಿದೆ.
ಅರ್ಜಿ ಹಿಡಿದು ಸರತಿಯಲ್ಲಿ ನಿಂತವರು
ತಂತಮ್ಮ ಮಾಡಿನ ಹಂಚು ಹುಡುಕುತ್ತಾರೆ,
ಸಿಕ್ಕಿತೆಂದು ಬೆರಳಿಡುತ್ತಾರೆ,
ಗಾಜು ಅಲ್ಲಲ್ಲಿ ಮಸುಕು.
ಇಬ್ಬರು ಐತೆಯರ ವಿಚಾರ ಇನ್ನೂ ಯಾರೂ ಕೇಳಿಲ್ಲ.

ಬಗ್ಗಿದವಳ ಬಲಗಾಲಿನ ಹತ್ತಿರ
ನೆರಳು ಒಂದಿಷ್ಟು ತುಂಡಾಗಿದೆ.
ಗೊತ್ತಿದ್ದೇ ಬಿಟ್ಟೆ.