ಎತ್ತಿದ ಮೇಲೆ

ಗುತ್ತಲು ರಸ್ತೆಯ ನಮ್ಮ ಶೆಡ್ಡಿಗೆ
ಕೀಲಾರದ ಚಲುವರಾಜ ತಂದಾಗ
ಅದು ಬರೀ ಜೀಪು.
ಬಾಗಿಲಿಲ್ಲ, ಹಿಂದಿನ ಸೀಟಿಲ್ಲ,
ಡ್ಯಾಶಿನ ಮೇಲೆ ಸೊಂಡಿಲು ಮುರಿದ ಪುಟ್ಟ ಗಣಪ.
'ಹನ್ನೊಂದಿಂಚು ಎತ್ಬೇಕು ಸಾಬ್ರೇ' ಅಂದ,
ದರ್ಜಿಗೆ ಅಳತೆ ಕೊಡುವ ಮದುಮಗನ ಹಾಗೆ ಎದೆ ಸೆಟೆಸಿ.

ಬುಡನ್‌ಸಾಬರು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿ
ಅಡಿಗೆ ನುಸುಳಿದರು.
ಹೊರಗೆ ಉಳಿದದ್ದು ಎರಡು ಪಾದ,
ಒಂದಕ್ಕೆ ಮಾತ್ರ ಚಪ್ಪಲಿ.
ಒಳಗಿನಿಂದ ಮಾತು ಬಂತು:
'ಎತ್ತೋದೇನ್ ಮಹಾ.
ಎತ್ತಿದ್ಮೇಲೆ ಉಳಿದಿದ್ದೆಲ್ಲ ಗಿಡ್ಡ ಆಯ್ತದೆ ಕಣಪ್ಪ.'

ಹಾಗೇ ಆಯಿತು.
ಪಟ್ಟಾಗಳಿಗೆ ಹೊಸ ಬಾಗು ಕೊಟ್ಟು
ಶ್ಯಾಕಲ್ ಉದ್ದ ಮಾಡಿ
ಚಾಸಿಯನ್ನು ಅದರ ಹೊಸ ಎತ್ತರಕ್ಕೆ ಕೂರಿಸಿದ ದಿನ
ಬ್ರೇಕಿನ ಹೋಸು ಗಿಡ್ಡ,
ಸ್ಟೀರಿಂಗಿನ ಸಲಾಕೆ ಗಿಡ್ಡ,
ಹಿಂದಿನ ಆಕ್ಸಲ್ಲಿಗೆ ಹೋಗುವ ಶಾಫ್ಟು ಮೂರು ಬೆರಳು ಗಿಡ್ಡ.
ಸಾಲದ್ದಕ್ಕೆ ಇಳಿಜಾರು ಜಾಸ್ತಿಯಾಗಿ
ಉಳುಕಿದ ಕತ್ತು ಹೊರಳಿಸಿದ ಹಾಗೆ
ಕ್ರಾಸು ಕಟಕಟ ಅಂತಿತ್ತು.
ಹತ್ತಲು ಹೋದ ಚಲುವರಾಜನ ಕಾಲೂ ಗಿಡ್ಡ.
ಅವನೆದುರು ನಗಲಿಲ್ಲ. ಆಮೇಲೆ ನಕ್ಕೆವು.

ಅಂಗಡಿಯಲ್ಲಿ ಸಿಗದ್ದನ್ನು ಮಾಡಿಯೇ ತೀರಬೇಕು.
ಗುಜರಿಯಲ್ಲಿ ಬಿದ್ದಿದ್ದ ಆಲೆಮನೆ ಗಾಣದ ಅಚ್ಚನ್ನು
ತೂಕದ ಲೆಕ್ಕದಲ್ಲಿ ತಂದು ಲೇತಿಗೆ ಕಟ್ಟಿದೆ.
ಹೆರೆದ ಸುರುಳಿ ನೀಲಿಯಾಗಿ ಉದುರಿತು.
ಬೆಲ್ಲದ ವಾಸನೆ ಬತ್ತೈತೆ ಅಕ್ಕ ಅಂದ
ಚಹ ತರುವ ಹುಡುಗ.
ಬರಲಾರದು, ಅದು ಸುಟ್ಟ ಎಣ್ಣೆ.
ಆದರೂ ಅವನು ಹೋದ ಮೇಲೆ ಮೂಸಿದೆ.

ಬ್ರ್ಯಾಕೆಟ್ಟುಗಳನ್ನು ಮೊದಲು ರಟ್ಟಿನಲ್ಲಿ ಕತ್ತರಿಸುವುದು ನನ್ನ ರೂಢಿ.
ಯಾರದೋ ನಾಮಕರಣದ ಮೈಸೂರುಪಾಕಿನ ಡಬ್ಬ,
ತುಪ್ಪದ ಕಲೆಯ ಮೇಲೆ ತೂತಿನ ಗುರುತು.
ಕೂತಿತು, ಕೂರಲಿಲ್ಲ, ಒಂಚೂರು ಉಜ್ಜಿದರೆ ಕೂತೀತು;
ಆಮೇಲೆ ಎಂಟು ಎಂಎಂ ಪ್ಲೇಟು.

'ಕಿಡಿ ನೋಡ್ಬ್ಯಾಡ ಮಾದೇವಿ, ಕೊಳ ನೋಡು.'
ಕಪ್ಪು ಗಾಜಿನಾಚೆ
ಕಿರುಬೆರಳ ಉಗುರಿನಷ್ಟು ಕರಗಿದ ಕಬ್ಬಿಣ,
ನಡುಗುತ್ತ, ದಡ ಹುಡುಕುತ್ತ.
ಕೆಸರಿಗೆಂದು ಕಟ್ಟುವ ಗಾಡಿಯ ಮೊದಲ ಕೆಸರು ಅದೇ.
ಅದರಲ್ಲಿ ಹೂತುಹೋಗದೆ ಕೈ ಸಾಗಬೇಕು.

ಎಂಟನೆಯದು, ಎಡಗಡೆ ಹಿಂದಿನದು,
ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು.
ಬಂದ ಮೇಲೆ
ತಣ್ಣಗಾದ ತುದಿಯನ್ನು ಉಜ್ಜಿ ಬಿಳಿ ಮಾಡದೆ
ಅಲ್ಲಿಂದಲೇ ಮುಂದುವರಿಸಿದೆ.
ಗಂಟೆ ಎಂಟಾಗಿತ್ತು, ಹಸಿವಾಗಿತ್ತು.
ಮೇಲೆ ಕಪ್ಪು ಬಣ್ಣ ಬಳಿದೆ.
ಅದು ಗೊತ್ತಿದ್ದವಳು ನಾನೊಬ್ಬಳೇ.

ನಾಲೆಗೆ ನೀರು ನಿಲ್ಲಿಸಿದ ವಾರ
ತೂಬಿನ ಕೆಳಗಿನ ಉಸುಬಿಗೆ ಇಳಿಸಿದೆವು.
ಗದ್ದೆ ಟ್ರ್ಯಾಕ್ಟರಿನ ಟೈರು ಕೆಸರನ್ನು ಅಗೆದು
ಬೋಂಡ ತಿನ್ನುತ್ತಿದ್ದವರ ಮೇಲೆ ಎಸೆಯಿತು.
ಎಲ್ಲರೂ ಕೂಗಿದರು, ಮೊಬೈಲು ಎತ್ತಿದರು.
ನಾನು ಎಡಗಡೆ ಹಿಂದಿನ ಮೂಲೆಯನ್ನು
ಕಣ್ಣು ಮುಚ್ಚಿ ಕೇಳುತ್ತಿದ್ದೆ.
ಗಾಡಿ ಒಮ್ಮೆ ಕುಸಿಯಿತು, ಉಸಿರು ಹಿಡಿಯಿತು,
ಬದಿಗೆ ವಾಲಿ, ಅಯ್ಯೋ ಅನ್ನುವಷ್ಟರಲ್ಲಿ
ಏರಿಯ ಮೇಲಿತ್ತು.
ಚಲುವರಾಜ ಸೀಟಿನ ಮೇಲೆ ನಿಂತು ಕಿರುಚಿದ:
'ನಮ್ಮನೆ ಹೆಂಚು ಕಾಣ್ತದೆ ಕಣ್ರೋ!'

ಶೆಡ್ಡಿಗೆ ತಂದು ನೀರು ಬಿಟ್ಟು ತೊಳೆದಾಗ
ಮೊದಲು ಅಲ್ಲಿಗೇ ಕೈ ಹೋಯಿತು.
ಕೂದಲೆಳೆಯಷ್ಟು ಬಿರುಕು.
ಬಣ್ಣದ್ದಿರಬಹುದು ಅಂತ ಉಗುರಿನಿಂದ ಕೆರೆದೆ.
ಬಣ್ಣದ್ದಲ್ಲ.

'ಸಾಬ್ರೇ, ಇದು ನಂದು' ಅಂದೆ.
'ಓಡ್ತಲ್ಲ, ಬಿಡಿ ಅತ್ಲಾಗೆ' ಅಂದ ಚಲುವರಾಜ,
ಮೈತುಂಬ ಕೆಸರು, ಹಲ್ಲು ಮಾತ್ರ ಬಿಳಿ.
ಬುಡನ್‌ಸಾಬರು ಏನೂ ಹೇಳದೆ
ಕೀ ಕಿತ್ತು ಜೇಬಿಗೆ ಹಾಕಿಕೊಂಡು
ಗ್ರೈಂಡರನ್ನು ನನ್ನ ಕಡೆ ನೂಕಿದರು.

ಮತ್ತೆ ಕರೆಂಟಿಲ್ಲ. ಹತ್ತಕ್ಕೆ ಬರುತ್ತದಂತೆ.
ಹೊರಗೆ ಕಬ್ಬಿನ ಲಾರಿಗಳು ಫ್ಯಾಕ್ಟರಿಗೆ ಸಾಲುಗಟ್ಟಿದ್ದವು.
ನಾವು ಮೂವರೂ ಚಹದ ಲೋಟ ಹಿಡಿದು
ಜೀಪಿನ ಅಡಿಯಲ್ಲೇ ಕೂತೆವು,
ತೊಟ್ಟಿಕ್ಕುವ ನೀರಿನಿಂದ ಸ್ವಲ್ಪ ಸರಿದು.
ಈಗ ಅಲ್ಲಿ,
ಕತ್ತು ಒಂಚೂರು ಬಗ್ಗಿಸಿದರೆ,
ಕೂರುವಷ್ಟು ಜಾಗವಿದೆ.