ಒಂದು ನಿಮಿಷ ಪೂರ್ತಿ

ಆರು ಮಂಚ, ಆರು ಚಾರ್ಟು,
ಆರರಲ್ಲೂ ಉಸಿರಿನ ಕಾಲಮ್ಮಿನಲ್ಲಿ ಒಂದೇ ಅಂಕಿ:
ಹದಿನೆಂಟು.
ದುಂಡನೆಯ ಕೈಬರಹ, ನೀಲಿ ಶಾಯಿ,
ಬೆಳಗಿನ ಆರು ಗಂಟೆಯ ಸಹಿ:
ಮುಸಾಬ್ ಇದ್ರೀಸ್, ಎರಡನೇ ವರ್ಷ.

ನಾಲ್ಕನೇ ಮಂಚದ ಮುರಾದ್ ಬಕ್ಷ್
ರಾಸ್ ಅಲ್ ಖೈಮಾದ ಗುಡ್ಡ ಸೀಳುವ ಕ್ವಾರಿಯಲ್ಲಿ
ಇಪ್ಪತ್ತಾರು ವರ್ಷ ಲಾರಿ ಓಡಿಸಿದವನು.
ಏಳೂಕಾಲಿಗೆ ನಾನು ರೌಂಡಿಗೆ ಹೋದಾಗ
ಪಕ್ಕೆಲುಬುಗಳ ನಡುವಿನ ಚರ್ಮ
ಒಳಕ್ಕೆ ಸೆಳೆದುಕೊಳ್ಳುತ್ತಿತ್ತು.
ನೇರಳೆ ತಿಂದ ಮಕ್ಕಳ ತುಟಿಯಂಥ ತುಟಿ.
ಎಣಿಸಿದೆ. ಮೂವತ್ತನಾಲ್ಕು.

ಅವನನ್ನು ಐಸಿಯುಗೆ ಸಾಗಿಸಿ
ಬಂದು ಕೈ ತೊಳೆದೆ. ಆಮೇಲೆ ವರದಿ ಬರೆದೆ.
ಅದು ನನ್ನ ಕೆಲಸ.

ಸೋಮವಾರ ಶಿಸ್ತು ಸಮಿತಿ.
ಡೀನ್ ಶರೀಫ್, ಮೇಟ್ರನ್ ಲುಡಿವಿನಾ, ರಿಜಿಸ್ಟ್ರಾರ್, ನಾನು,
ನಡುವೆ ಯಾರೂ ಮುಟ್ಟದ ಖರ್ಜೂರದ ತಟ್ಟೆ.
ಹುಡುಗ ನಿಂತೇ ಇದ್ದ. ಕುರ್ಚಿ ಇತ್ತು.
ಕೋಟಿನ ತೋಳಿಗೆ ಸಾಲದಷ್ಟು ಉದ್ದ ಕೈ.

'ಯಾಕೆ ಹೀಗೆ?' ಎಂದರು ಡೀನ್.
'ಸರ್, ಎಲ್ಲರೂ ಹದಿನೆಂಟೇ ಬರೆಯುತ್ತಾರೆ.'
ಮೇಟ್ರನ್ ಕಿಟಕಿಯ ಕಡೆ ತಿರುಗಿದರು.
ನಾನು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.

ಕಲಂ ಒಂಬತ್ತು: ಸುಳ್ಳು ದಾಖಲೆ ಬರೆದವರ ಹೆಸರು ತೆಗೆಯುವುದು.
ಹೆಸರು ಹೋದರೆ ವೀಸಾ ಹೋಗುತ್ತದೆ,
ವೀಸಾ ಹೋದರೆ ಖಾರ್ತೂಮ್.
ಅಲ್ಲಿ ಅವನ ಮನೆಯಲ್ಲೀಗ ಬಂದೂಕಿನವರು ಮಲಗುತ್ತಾರಂತೆ,
ಅವನ ತಾಯಿಯ ಹಾಸಿಗೆಯಲ್ಲಿ.
ಇದು ಕಲಂ ಒಂಬತ್ತರಲ್ಲಿ ಇಲ್ಲ.

ಮಂಗಳೂರು, ತೊಂಬತ್ತೇಳು, ಮಕ್ಕಳ ವಾರ್ಡು.
ಬೆಳಗಿನ ಜಾವ ಮೂರೂವರೆ.
ಸ್ಟೂಲಿನಿಂದ ಏಳದೆಯೇ ಬರೆದಿದ್ದೆ:
ಉಸಿರು ಇಪ್ಪತ್ತೆರಡು.
ಕಬ್ಬಿಣದ ತೊಟ್ಟಿಲಲ್ಲಿ ಯಾರದೋ ಮಗು.
ಬೆಳಕಾದಾಗ ಅದು ಎದ್ದು ಹಾಲಿಗೆ ಅತ್ತಿತು.
ಮಗು ಬದುಕಿತು, ಹಾಗಾಗಿ
ನಾನು ಟೀಚರಾದೆ.
ಅಷ್ಟೇ ವ್ಯತ್ಯಾಸ, ಸಮಿತಿಯ ಮೇಜಿನ
ಈ ಬದಿಗೂ ಆ ಬದಿಗೂ.

ಹೇಳಲಿಲ್ಲ. ಹೇಳಬಹುದಿತ್ತು.
ಬದಲಿಗೆ, ಶಿಕ್ಷೆಯಾಗಲಿ ಎಂದು ಕೈ ಎತ್ತಿದೆ.
ಎತ್ತಿದ ಕೈ ಇಳಿಸದೆಯೇ ಸೇರಿಸಿದೆ:
ಹೆಸರು ಇರಲಿ. ಒಂದು ಟರ್ಮು ಚಾರ್ಟು ಮುಟ್ಟದಿರಲಿ.
ದಿನಾ ಆರಕ್ಕೆ ಬಂದು, ಜೇಬಿನಲ್ಲಿ ಪೆನ್ನಿಲ್ಲದೆ,
ಒಬ್ಬೊಬ್ಬರ ಪಕ್ಕ ಕೂತು ಎಣಿಸಲಿ.
ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡುವುದಲ್ಲ.
ಒಂದು ನಿಮಿಷ ಪೂರ್ತಿ.
ರಿಜಿಸ್ಟ್ರಾರ್ ಬರೆದುಕೊಂಡರು, ಯಾವ ಕಲಮಿನ ಕೆಳಗೋ.

ಮುರಾದ್ ಬಕ್ಷನ ವೆಂಟಿಲೇಟರು ಇನ್ನೂ ತೆಗೆದಿಲ್ಲ.
ಅವನ ಉಸಿರನ್ನೀಗ ಯಂತ್ರವೇ ಆಡುತ್ತದೆ, ಯಂತ್ರವೇ ಎಣಿಸುತ್ತದೆ:
ಹದಿನೆಂಟು.
ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಜುಲೈ. ಆರಕ್ಕೇ ವಾರ್ಡಿನ ಗಾಜು ಹೊರಗಿನಿಂದ ಬೆವರುತ್ತದೆ.
ಅದರಾಚೆ ಮಸುಕು ಮಸುಕಾಗಿ
ಬಸ್ಸಿಳಿದು, ಸಿಮೆಂಟು ದೂಳಿನ ರಸ್ತೆ ದಾಟಿ ಬರುವ ಬಿಳಿ ಕೋಟು.
ಮೊದಲ ವಾರ ಮುಖದ ತುಂಬ ಸಿಟ್ಟು.
ನನಗದು ಇಷ್ಟವಾಯಿತು.
ಸಿಟ್ಟಿನವರು ಲೆಕ್ಕ ತಪ್ಪುವುದಿಲ್ಲ.

ಹನ್ನೊಂದನೇ ದಿನ ಕಾರಿಡಾರಿನಲ್ಲಿ ತಡೆದ.
'ಮಿಸ್ ಫ್ಲಾವಿಯಾ,
ಎಣಿಸುತ್ತಿದ್ದೇನೆ ಎಂದು ಗೊತ್ತಾದರೆ ಅವರು ಉಸಿರು ಬದಲಿಸುತ್ತಾರೆ.
ಬಿಗಿ ಹಿಡಿಯುತ್ತಾರೆ. ನನ್ನೆದುರು
ಚೆನ್ನಾಗಿರಲು ನೋಡುತ್ತಾರೆ.'

ಎಣಿಸಿದವರಿಗಷ್ಟೇ ಗೊತ್ತಾಗುವ ಸಂಗತಿ.

'ಮಣಿಕಟ್ಟು ಹಿಡಿ,' ಎಂದೆ, 'ನಾಡಿ ನೋಡುವವನ ಹಾಗೆ.
ಗಡಿಯಾರ ಕಣ್ಣಂಚಿನಲ್ಲಿರಲಿ,
ಕಣ್ಣು ಎದೆಯ ಏರಿಳಿತದ ಮೇಲೆ.'

'ಅದೂ ಸುಳ್ಳಲ್ಲವೇ ಮಿಸ್?'

ಉತ್ತರ ಬಾಯಿಗೆ ಬರಲಿಲ್ಲ. ಕೈ ಚಾಚಿದೆ.
ಅಳುಕುತ್ತಲೇ ಎರಡು ಬೆರಳಿಟ್ಟ.
ನನ್ನ ಕೊರಳ ಪುಟ್ಟ ಶಿಲುಬೆ
ಏಳುವುದನ್ನು, ಇಳಿಯುವುದನ್ನು ನೋಡುತ್ತ ನಿಂತ.
ಟ್ರಾಲಿಯೊಂದು ನಮ್ಮನ್ನು ಬಳಸಿಕೊಂಡು ಹೋಯಿತು.
ಎಷ್ಟು ಉದ್ದವಪ್ಪ ಈ ಒಂದು ನಿಮಿಷ!

'ಇಪ್ಪತ್ತೆರಡು,' ಎಂದ.